ಬೂದಿ ಬಿದ್ದ ದ್ವೀಪಕ್ಕೆ

ಕಡಬ
೬ ನವೆಂಬರ್ ೧೯೮೩

ನನ್ನ ಮುದ್ದಿನ ಅಲ್ಫೋನ್ಸಾ ಚೇಚಿಗೆ,

ಹೇಗಿದ್ದೀ? ಬೂದಿಯ ಗಾಳಿಗೆ ನಿನ್ನ ಉಬ್ಬಸ ಹೆಚ್ಚಾಗಿಲ್ಲವಷ್ಟೆ? ರೋಗಿಗಳನ್ನು ನೋಡುವ ಭರದಲ್ಲಿ ನಿನ್ನ ಮದ್ದನ್ನೇ ಮರೆಯುವ ಕನ್ಯಾಸ್ತ್ರೀ ಅಕ್ಕ ನೀನು. ನಿಮ್ಮ ದ್ವೀಪದ ಬೆಟ್ಟ ಬೆಂಕಿ ಕಾರಿತೆಂದು ರೇಡಿಯೋದಲ್ಲಿ ಕೇಳಿದ ಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಟಪಾಲು ಹಡಗು ನಿಂತಿರಬಹುದು ಎನ್ನುತ್ತಾರೆ ನಮ್ಮ ಏಲಿಯಾಸ್. ‘ನಮ್ಮ ಏಲಿಯಾಸ್’ ಎಂದು ಗಂಡನ ಹೆಸರು ಬರೆಯುವಾಗ ನನಗೆ ಈಗಲೂ ನಾಚಿಕೆ, ನಗು ಎರಡೂ ಬರುತ್ತವೆ. ಮಲಯಾಳದಲ್ಲಿ ಬರೆದರೆ ಅಮ್ಮಚ್ಚಿ ಓದುತ್ತಾಳೆ, ಅದಕ್ಕೇ ಕನ್ನಡ. ನೀನು ಕನ್ನಡ ಶಾಲೆಯವಳು, ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದ ನನ್ನ ತಪ್ಪುಗಳನ್ನು ಕ್ಷಮಿಸು.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಮ್ಮ ದ್ವೀಪದವರಿಗಾಗಿ ಏಲಂ ಇಟ್ಟೆವು. ಜನ ಕಾಣಿಕೆಯಾಗಿ ತಂದ ಮರಗೆಣಸು, ಬಾಳೆಗೊನೆ, ಕಾಳುಮೆಣಸು ಎಲ್ಲವೂ ಚಿನ್ನದ ಬೆಲೆಗೆ ಹೋದವು. ಒಂದು ಹುಂಜವನ್ನು ಏಲಿಯಾಸ್ ಕೂಗಿ ಹಿಡಿದು, ದುಡ್ಡು ಕೊಟ್ಟು, ಮತ್ತೆ ಏಲಕ್ಕೇ ಬಿಟ್ಟರು. ನೆರೆಮನೆಯ ಪತ್ರೋಸ್ ಚೇಟ್ಟನೂ ಹಾಗೇ ಮಾಡಿ, “ಈ ಹುಂಜ ದ್ವೀಪಕ್ಕೆ ಮುಟ್ಟುವಾಗ ಮುದುಕ ಆಗ್ತದೆ ಮಾರಾಯ್ರೆ” ಎಂದರು. ಎಲ್ಲರೂ ನಕ್ಕರು. ನಮ್ಮನ್ನು ಹೆತ್ತ ಅಮ್ಮಚ್ಚಿ ನಗಲಿಲ್ಲ. ಈಗೀಗ ಅವಳು ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುವುದನ್ನೂ ಬಿಟ್ಟಿದ್ದಾಳೆ, ಚೇಚಿ. ಬೂದಿಯನ್ನು ಮುಟ್ಟುವುದೇ ಇಲ್ಲ.

ಏಲಕ್ಕೆ ಬರಲಾಗದವರು ನೆಲ್ಯಾಡಿಯ ನಮ್ಮ ತವರಿಗೇ ಬಂದು ದುಡ್ಡು ಕೊಟ್ಟರು. ಅಂಗಡಿಯ ಕುಶಾಲಪ್ಪಣ್ಣ, ಪಾತು, ಗುಂಡ್ಯದ ಕಡೆಯ ಎಷ್ಟೋ ಮಂದಿ. ಅಲ್ಲೇ ಉಳಿದಿದ್ದ ನಾನು ಖುಷಿಯಿಂದ ಎಲ್ಲರಿಗೂ ಕಾಪಿ ಮಾಡಿದೆ. ಯಾರೂ ಕುಡಿಯಲಿಲ್ಲ. ಅಮ್ಮಚ್ಚಿಯ ಕೈ ಹಿಡಿದು ಸುಮ್ಮನೆ ಕೂತು, ಸುಮ್ಮನೆ ಎದ್ದು ಹೋದರು. ಸಾವಿನ ಮನೆಯಿಂದ ಹೊರಡುವಾಗ ಇಲ್ಲಿ ಯಾರೂ ‘ಬರ್ತೇನೆ’ ಎನ್ನುವುದಿಲ್ಲವಲ್ಲ, ಹಾಗೆ. ನನಗೆ ಅದು ಹೊಳೆಯಲೇ ಇಲ್ಲ, ಅಮ್ಮಚ್ಚಿಗೆ ಹೊಳೆದಿತ್ತು. ಕುಶಾಲಪ್ಪಣ್ಣ ಮೆಟ್ಟಿಲಿಳಿದಾಗ ಅವಳು ಬರಿಗಾಲಲ್ಲಿ ಬೇಲಿಯ ದಣಪೆಯವರೆಗೆ ಓಡಿ ಅಡ್ಡ ನಿಂತಳು. “ಎಂತ ಕುಶಾಲಪ್ಪಣ್ಣ, ನಿಮಗೆ ನಾಲಿಗೆ ಇಲ್ವಾ? ಬರ್ತೇನೆ ಅಂತ ಹೇಳಿ ಹೋಗಿ.” ಅವರು ತಲೆ ತಗ್ಗಿಸಿ, “ಬರ್ತೇನೆ ಅಮ್ಮ, ನಾಳೆಯೇ ಬರ್ತೇನೆ” ಎಂದರು. ಮರುದಿನ ಅಂಗಡಿ ಮುಚ್ಚಿ ನಿಜವಾಗಿಯೂ ಬಂದರು. ಎರಡು ಲೋಟ ಕಾಪಿ ಕುಡಿದು ಹೋದರು. ಆಮೇಲೆ ಬೇರೆ ಯಾರೂ ಬಂದಿಲ್ಲ.

ಕೂಡಿದ ಹಣದೊಂದಿಗೆ ಮಂಗಳೂರಿನಿಂದ ಒಬ್ಬರು ಫಾದರ್ ನಿಮ್ಮಲ್ಲಿಗೆ ಹೊರಟಿದ್ದಾರೆ. ಈ ಪತ್ರ ಅವರ ಕೈಯಲ್ಲೇ ಬರುತ್ತದೆ. ಏಲಿಯಾಸ್ ಅವರ ನಮಸ್ಕಾರ. ಮಾತೆ ಮರಿಯ ನಿನ್ನನ್ನು ಸೆರಗಿನೊಳಗೆ ಇಟ್ಟುಕೊಳ್ಳಲಿ.

ನಿನ್ನ
ತ್ರೇಸ್ಯಾಕುಟ್ಟಿ

ತಾ.ಕ.: ಜೊತೆಗಿರುವ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿದ್ದೇನೆ. ಅದು ನಿನಗಲ್ಲ, ಈ ಲಕೋಟೆಯನ್ನು ನಿನ್ನ ಬದಲು ಬೇರೆ ಯಾರಾದರೂ ಒಡೆಯಬೇಕಾಗಿ ಬಂದರೆ ಅವರಿಗೆ. ಉತ್ತರವನ್ನು ನೆಲ್ಯಾಡಿಗೆ ಕಳಿಸಬೇಡಿ, ಕಡಬಕ್ಕೆ, ನನ್ನ ಹೆಸರಿಗೆ ಕಳಿಸಿ ಎಂದಷ್ಟೇ ಅದರಲ್ಲಿರುವುದು. ಒಡೆದವಳು ನೀನೇ ಆದರೆ ಅದನ್ನು ಹರಿದು ಬಿಸಾಡು, ಚೇಚಿ. ನನ್ನನ್ನು ಚೆನ್ನಾಗಿ ಬೈದು ಬರೆ.