ಹೋಗೋದು ಯಾವುದು, ಇರೋದು ಯಾವುದು

ಹೊಸಹಳ್ಳಿ, ಬೆಂಗಳೂರು
17 ನವೆಂಬರ್ 2024, ಭಾನುವಾರ

ಕೀರ್ತನಾ,

ಇಲ್ಲ ಕಣೇ, ಅದು ಗುಜರಿ ಅಲ್ಲ. ಫೆಬ್ರವರಿಯಲ್ಲಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ನಾನು ಮದ್ವೆ ಆಗಿದ್ದು ಮನುಷ್ಯನ್ನ, ಗುಜರಿ ಅಂಗಡೀನಲ್ಲ" ಅಂದೆಯಲ್ಲ, ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಒಂಬತ್ತು ತಿಂಗಳಿಂದ ಹುಡುಕುತ್ತಿದ್ದೇನೆ. ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಯಾರದೋ ಮನೆಯ ಫ್ರಿಜ್ಜಿಗೆ ಹಗ್ಗ ಬಿಗಿಯುವಾಗ ನಿನ್ನ ಜೊತೆ ಜಗಳ ಆಡುತ್ತಲೇ ಇದ್ದೇನೆ. ಫೋನ್ ಮಾಡಿದರೆ ನೀನು ಎತ್ತಲ್ಲ. ಮೆಸೇಜಿಗೆ ಒಂದೇ ಟಿಕ್ ಬೀಳುತ್ತೆ. ಅದಕ್ಕೇ ಈ ಪತ್ರ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಹೆಡ್‌ಮಾಸ್ತರಿಗೆ ರಜೆ ಕೇಳಿ ಬರೆದದ್ದೇ ನನ್ನ ಕೊನೆಯ ಪತ್ರ. ತಪ್ಪಿದ್ದರೆ ನಗಬೇಡ.

ನಾನು ಪ್ಯಾಕರ್ಸ್ ಕಂಪನಿಯಲ್ಲಿ ಜನರ ಮನೆ ಕಟ್ಟಿ ಲಾರಿಗೆ ಹಾಕುವವನು ಅಂತ ನಿನಗೆ ಗೊತ್ತು. ಆ ಕೆಲಸದ ಕೊನೆಯ ಹತ್ತು ನಿಮಿಷ ಹೇಗಿರುತ್ತೆ ಅಂತ ಮಾತ್ರ ಯಾವತ್ತೂ ಹೇಳಿಲ್ಲ. ಎಲ್ಲ ಲೋಡ್ ಆದ ಮೇಲೆ ಮನೆಯವರು ಒಳಗೆ ಹೋಗಿ ಖಾಲಿ ರೂಮುಗಳಲ್ಲಿ ಒಂದು ಸುತ್ತು ಹಾಕುತ್ತಾರೆ. ಅವರ ಚಪ್ಪಲಿ ಸದ್ದೇ ಅವರಿಗೆ ಜೋರಾಗಿ ಕೇಳುತ್ತೆ. ಆಮೇಲೆ ಮೂಲೆಯಲ್ಲಿ ಉಳಿದ ಯಾವುದೋ ಒಂದು ಸಾಮಾನು ಹಿಡಿದುಕೊಂಡು ಬರುತ್ತಾರೆ. ಹೊಸ ಮನೆಗೆ ಅದು ಬೇಡ, ಬಿಸಾಕಲು ಮನಸ್ಸಿಲ್ಲ. ಬಾಗಿಲ ಹತ್ತಿರ ನಾನು ನಿಂತಿರುತ್ತೇನೆ. "ನಿನ್ ಹೆಸರೇನಪ್ಪಾ? ಇಟ್ಕೋ ಇದನ್ನ, ಚೆನ್ನಾಗಿ ನೋಡ್ಕೋ" ಅನ್ನುತ್ತಾರೆ. ಬೆಳಗ್ಗೆಯಿಂದ ಅಲ್ಲೀತನಕ ಒಬ್ಬರೂ ಹೆಸರು ಕೇಳಿರುವುದಿಲ್ಲ. ಹೆಸರು ಕೇಳಿ ಕೊಟ್ಟದ್ದನ್ನು ಬೇಡ ಅನ್ನೋದು ಹೇಗೆ?

ಗದಗಿನ ಕಡೆಯಿಂದ ಅವ್ವ ನನ್ನನ್ನು ಕರೆದುಕೊಂಡು ಬಂದಾಗ ನಮ್ಮ ಹತ್ತಿರ ಇದ್ದದ್ದು ಒಂದು ಟ್ರಂಕು. ಒಂದೇ ವರ್ಷದಲ್ಲಿ ಮೂರು ರೂಮು ಬದಲಾಯಿಸಿದೆವು. ಮೂರು ಸಲವೂ ಆ ಟ್ರಂಕನ್ನು ಅವ್ವ ಒಬ್ಬಳೇ ಎತ್ತಿದಳು. ದಿನವೆಲ್ಲ ತುಂಬಿದ ಮನೆಗಳನ್ನು ಖಾಲಿ ಮಾಡಿ ಸಂಜೆ ಬಂದರೆ ನಮ್ಮ ಮನೆ ತುಂಬಿರಲಿ ಅನಿಸುತ್ತಿತ್ತು. ಇದೇ ನನ್ನ ಉತ್ತರ. ಬರೆದು ನೋಡಿದರೆ ಅಷ್ಟೇನೂ ದೊಡ್ಡದಾಗಿ ಕಾಣುತ್ತಿಲ್ಲ.

ನೀನು ಹೋದ ಮೇಲೆ ಖಾಲಿ ಮಾಡೋಣ ಅಂತ ಎಷ್ಟು ಸಲ ಕೂತಿಲ್ಲ. ಮೊದಲ ಭಾನುವಾರ ನಾಲ್ಕು ಗಡಿಯಾರ ಕೆಳಗಿಳಿಸಿ, ಒರೆಸಿ, ಶೆಲ್ ಹಾಕಿ, ಮತ್ತೆ ಅಲ್ಲೇ ನೇತು ಹಾಕಿದೆ. ಯುಗಾದಿಗೆ ಮಿಕ್ಸಿ ಇಲ್ಲದ ಆರು ಮಿಕ್ಸಿ ಜಾರುಗಳನ್ನು ಚೀಲಕ್ಕೆ ಹಾಕಿ ಬಾಗಿಲವರೆಗೂ ತಂದೆ. ಚೀಲ ಬಾಗಿಲಲ್ಲೇ ಉಳಿಯಿತು. ಮಳೆಗಾಲವೆಲ್ಲ ಅದನ್ನು ದಾಟಿಕೊಂಡು ಓಡಾಡಿದೆ. ನಮ್ಮ ಟೀಮಿನ ಹಿರಿಯ ಈರಪ್ಪಣ್ಣ ದಿನಾ ಲಾರಿಯಲ್ಲಿ ಕೇಳುತ್ತಿದ್ದ, "ಏನ್ ಗುರು, ಇವತ್ ಯಾರ ಮನೆ ಕಸಕ್ಕೆ ತಾಳಿ ಕಟ್ದೆ?" ಅಂತ. ಮೂರು ಬೆಡ್‌ರೂಮಿನ ಮನೆಯನ್ನು ನಾಲ್ಕು ಗಂಟೆಯಲ್ಲಿ ಕಟ್ಟುವ ಕೈ ಇದು. ನಮ್ಮ ಎರಡು ರೂಮಿಗೆ ಬಂದರೆ ಏಳುತ್ತಲೇ ಇರಲಿಲ್ಲ.

ಈ ಗುರುವಾರ ರಜೆ ಹಾಕಿದೆ. ಬೆಳಗ್ಗೆ ಆರಕ್ಕೆ ಎದ್ದು ಕಂಪನಿ ಟೀಶರ್ಟು ಹಾಕಿಕೊಂಡೆ. ಟೇಪು, ಕಟರು, ಮಾರ್ಕರು, ಸಾಮಾನು ಬರೆಯುವ ಲಿಸ್ಟು ಎಲ್ಲ ಹಿಡಿದುಕೊಂಡು ಹೊರಗೆ ಬಂದು ಬಾಗಿಲು ಹಾಕಿ ನಮ್ಮ ಮನೆಯ ಬೆಲ್ ಒತ್ತಿದೆ. ಬೇರೆಯವರ ಮನೆ ಅಂದುಕೊಂಡರೆ ಕೈ ಏಳಬಹುದು ಅಂತ ಲೆಕ್ಕ ಹಾಕಿದ್ದೆ.

ನಲ್ಲಿ ಹತ್ತಿರ ಓನರ್ ಮುನಿತಾಯಮ್ಮನವರು ಕೊಡ ಇಟ್ಟುಕೊಂಡು ನಿಂತಿದ್ದರು.

"ಯಾಕೋ ದುಂಡಾ, ನಿನ್ ಮನೆಗೆ ನೀನೇ ಬೆಲ್ ಹೊಡೀತಿದೀಯಾ? ಹುಷಾರಾಗಿದೀಯೇನೋ?"

"ಕೆಲಸಕ್ಕೆ ಬಂದಿದೀನಿ ಅಮ್ಮಾ" ಅಂದೆ.

ಅವರು ನಗಲಿಲ್ಲ. ಕೊಡ ಪಕ್ಕಕ್ಕೆ ಸರಿಸಿದರು.

ಒಳಗೆ ಹೋಗಿ ನಾವು ಎಲ್ಲ ಮನೆಯಲ್ಲೂ ಮೊದಲು ಕೇಳುವ ಮಾತನ್ನೇ ಕೇಳಿದೆ. "ಮೇಡಂ, ಹೋಗೋದು ಯಾವ್ದು, ಇರೋದು ಯಾವ್ದು?"

ಎಲ್ಲ ಮನೆಯಲ್ಲೂ ಯಾರಾದರೂ ಒಬ್ಬರು ಇರುತ್ತಾರೆ ಕಣೇ. ಸೊಂಟಕ್ಕೆ ಕೈ ಕೊಟ್ಟುಕೊಂಡು, ಅದು ಬೇಡ, ಇದು ಮೇಲೆ ಇಡಿ, ಅದನ್ನ ಮುಟ್ಟಬೇಡಿ ಅನ್ನುತ್ತಾರೆ. ಅವರ ಮೇಲೆ ನಮಗೆ ಸಿಟ್ಟೇ ಬರುತ್ತೆ. ನಮ್ಮ ಮನೆಯಲ್ಲಿ ನಾಲ್ಕು ಗಡಿಯಾರ ಟಿಕ್ ಟಿಕ್ ಅಂದವು. ನಾನು ಮಾರ್ಕರಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತೇ ಇದ್ದೆ.

ಕಡೆಗೆ ಮುನಿತಾಯಮ್ಮನವರೇ ಬಂದು ಬಾಗಿಲಲ್ಲಿ ಸ್ಟೂಲು ಎಳೆದುಕೊಂಡು ಕೂತರು. "ಒಂದೊಂದೇ ಎತ್ತು. ನಾ ಹೇಳ್ತೀನಿ" ಅಂದರು.

ಗಡಿಯಾರ ಎತ್ತಿದೆ. "ಒಂದು ಸಾಕು. ನಾಲ್ಕೂ ನಾಲ್ಕು ಟೈಮ್ ತೋರಿಸ್ತವೆ." ಜಾರುಗಳು. "ಹೋಗ್ಲಿ." ಯಾರದೋ ಮಗುವಿನ ವಾಕರು. "ಹೋಗ್ಲಿ. ಬೇಕಾದಾಗ ಹೊಸದು ತಗೊಂಡ್ರಾಯ್ತು." ಪೆಡಲ್ ಹೊಡೆದರೂ ಮುಂದಕ್ಕೆ ಹೋಗದ ಆ ಸೈಕಲ್ ಬಂದಾಗ ಮಾತ್ರ, "ಅದು ನಮ್ಮನೇಗಿರ್ಲಿ, ಬಟ್ಟೆ ಒಣಗಾಕೋಕಾಗುತ್ತೆ" ಅಂದರು. ಅಷ್ಟು ದಿನದಲ್ಲಿ ನಾನು ನಕ್ಕಿದ್ದು ಅವತ್ತೇ. ಕಂಪ್ಯೂಟರ್ ಟೇಬಲ್ಲು ಮಹಡಿ ಮೇಲಿನ ಸ್ಟೂಡೆಂಟ್‌ಗಳಿಗೆ ಹೋಯಿತು. ಉಳಿದದ್ದು ಎರಡು ಆಟೋ ಆಯಿತು. ಹೋಗಿದ್ದು ಗುಜರಿ ಅಂಗಡಿಗೇ. ಈಗ ನಗು.

ಸಂಜೆ ನಾಲ್ಕರ ಹೊತ್ತಿಗೆ ಆ ಮೀನಿನ ಗಾಜಿನ ತೊಟ್ಟಿ ಎತ್ತಿದೆ. ಮೀನೇ ಇಲ್ಲದ ತೊಟ್ಟಿ. ಅದರ ಕೆಳಗೆ ಬೆಡ್‌ಶೀಟು, ಬೆಡ್‌ಶೀಟಿನ ಕೆಳಗೆ ನಿನ್ನ ಹೊಲಿಗೆ ಮೆಷಿನ್ನು. ಮೆಷಿನ್ನಿನಲ್ಲಿ ಬಟ್ಟೆ ಇನ್ನೂ ಸಿಕ್ಕಿಕೊಂಡಿತ್ತು ಕೀರ್ತನಾ. ಹಸಿರು ಬ್ಲೌಸ್ ಪೀಸು, ಮೆರೂನ್ ಅಂಚು. ಒಂದು ತೋಳು ಹೊಲಿದಾಗಿತ್ತು, ಇನ್ನೊಂದು ಅರ್ಧಕ್ಕೆ ನಿಂತಿತ್ತು. ಸೂಜಿ ಬಟ್ಟೆಯೊಳಗೇ ತುಕ್ಕು ಹಿಡಿದಿತ್ತು. ಚಾಕ್ ಗುರುತು ಹಾಗೇ ಇತ್ತು.

"ಇದ್ಯಾರದು?" ಅಂತ ಮುನಿತಾಯಮ್ಮನವರನ್ನು ಕೇಳಿದೆ.

"ಆರ್‌ಪಿಸಿ ಲೇಔಟಿನ ಅನಂತಲಕ್ಷ್ಮಿ ಮಗಳ್ದು. ಸೀಮಂತಕ್ಕೆ ಕೊಟ್ಟಿದ್ಲು. ನೀನು ಆ ಡಬ್ಬಾನ ಇದ್ರ ಮೇಲಿಟ್ಟು ಹೋದೆ. ಪಾಪ, ನಿನ್ ಹೆಂಡ್ತಿ ಒಬ್ಳೇ ಎತ್ತೋಕೆ ನೋಡಿ ಸೊಂಟ ಹಿಡ್ಕೊಂಡು ನನ್ ಮೆಟ್ಲ ಮೇಲ್ ಕೂತ್ಲು. ಅನಂತಲಕ್ಷ್ಮಿ ಬಂದು ಬೀದೀಲೇ ಬೈದು ಹೋದ್ಲು. ನಿಂಗೆ ಹೇಳ್ಲಿಲ್ವಾ?"

ನೀನು ಹೇಳಿದ್ದೆ. ಮೂರು ಸಲ ಹೇಳಿದ್ದೆ, "ಮೆಷಿನ್ ಮೇಲಿಂದ ಅದನ್ನ ತೆಗಿ" ಅಂತ. ಮೂರು ಸಲವೂ ನಾನು ನಾಳೆ ಅಂದೆ. ನಾಲ್ಕನೇ ಸಲ ನೀನು ಹೇಳಲಿಲ್ಲ. ಸುಮ್ಮನಾದಳು, ಅಡ್ಜಸ್ಟ್ ಆದಳು ಅಂದುಕೊಂಡೆ. ನೀನು ಹೋದದ್ದಕ್ಕೆ ಬ್ಯಾಡರಹಳ್ಳಿಯ ನಿಮ್ಮಣ್ಣ ಅರುಣನೇ ಕಾರಣ, ಅವನೇ ತಲೆ ಕೆಡಿಸಿದ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಅರುಣನಿಗೂ ಹೇಳಿಬಿಡು.

ಮಾರನೇ ದಿನ ಆ ಬ್ಲೌಸು ಹಿಡಿದುಕೊಂಡು ಅನಂತಲಕ್ಷ್ಮಿಯವರ ಮನೆಗೆ ಹೋದೆ. "ತಪ್ಪು ಅವಳ್ದಲ್ಲ, ನಂದು" ಅಂದೆ. ಅವರು ಬ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮಗು ಅಂಬೆಗಾಲಿಡ್ತಿದೆ, ಈಗ ತಂದ್ಯಾ" ಅಂದರು. ಬಾಗಿಲು ಹಾಕುತ್ತಾರೆ ಅಂದುಕೊಂಡೆ. ಹಾಕಲಿಲ್ಲ. "ಅವ್ಳು ಬಂದ್ರೆ ಕಳ್ಸು. ಆಮೇಲೆ ಇಬ್ಬರ ಹತ್ರ ಹೊಲಿಸ್ದೆ, ಒಬ್ರಿಗೂ ತೋಳು ಕೂರಿಸೋಕೆ ಬರಲ್ಲ" ಅಂದರು. ಇದನ್ನು ನಿನಗೆ ಮುಟ್ಟಿಸಬೇಕು ಅಂತಲೇ ಇಷ್ಟು ಉದ್ದ ಬರೆದದ್ದು.

ನೀನು ಅಲ್ಲಿ ಹಾಲ್‌ನಲ್ಲಿ ಮಲಗುತ್ತೀಯ, ಬಟ್ಟೆ ಅಂಗಡಿಯಲ್ಲಿ ದಿನಪೂರ್ತಿ ನಿಂತಿರುತ್ತೀಯ, ಅರುಣನ ಮನೆಯಲ್ಲಿ ಮೆಷಿನ್ ಇಡಲು ಜಾಗ ಇಲ್ಲ ಅಂತ ಕೇಳಿದೆ. ಇಲ್ಲಿ ಈಗ ಜಾಗ ಇದೆ. ಮೆಷಿನ್ನನ್ನು ಕಿಟಕಿ ಕೆಳಗೆ ಇಟ್ಟು ಎಣ್ಣೆ ಬಿಟ್ಟಿದ್ದೇನೆ, ಹೊಸ ಸೂಜಿ ಹಾಕಿದ್ದೇನೆ. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಲ್ಲಬೇಕಲ್ಲ, ಅದಕ್ಕೆ ಮುನಿತಾಯಮ್ಮನವರನ್ನೇ ನಿಲ್ಲಿಸಿ ನೋಡಿದೆ. ಎರಡು ಕೈ ಚಾಚಿದರೂ ಎಲ್ಲೂ ತಗಲುವುದಿಲ್ಲ. "ಗಿರಗಿಟ್ಲೆ ಆಡ್ಬೋದು ಕಣೋ" ಅಂದರು.

ನನ್ನನ್ನು ಕಂಪನಿಯವರು ಗುವಾಹಟಿ ಲೋಡಿಗೆ ಹಾಕಿದ್ದಾರೆ. ಬರುವುದು ಯಾವಾಗಲೋ ಗೊತ್ತಿಲ್ಲ. ಅಷ್ಟು ದಿನ ಮನೆಗೆ ಸುಮ್ಮನೆ ಬೀಗ ಬಿದ್ದಿರುತ್ತೆ, ಅದಕ್ಕೆ ನೀನೇ ಬಂದು ಇರು. ಮುನಿತಾಯಮ್ಮನವರ ಹತ್ತಿರ ಮಾತಾಡಿದ್ದೇನೆ, ಬಾಡಿಗೆ ಕರಾರು ನಿನ್ನ ಹೆಸರಿಗೆ ಮಾಡಿಕೊಡುತ್ತಾರೆ. ನಾಳೆ ಅವರ ಸಂಬಂಧಿಕರ ಗೃಹಪ್ರವೇಶ ಇರುವುದು ಬ್ಯಾಡರಹಳ್ಳಿಯಲ್ಲೇ. ಈ ಪತ್ರವನ್ನೂ ಬೀಗದ ಕೈಯನ್ನೂ ಅವರೇ ತಂದು ಕೊಡುತ್ತಾರೆ.

ಲಿಸ್ಟನ್ನೂ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಕೆಲಸದಲ್ಲಿ ಎಲ್ಲ ಸಾಮಾನು ಬರೆದು, ಕೆಳಗೆ ಮನೆಯವರ ಸಹಿ ತಗೊಂಡರೇ ಕೆಲಸ ಮುಗಿದ ಹಾಗೆ. ಇರೋದು ಅಂತ ಬರೆದದ್ದು ಹನ್ನೊಂದು ಸಾಮಾನು. ನೋಡಿ ಸಹಿ ಹಾಕು.

ಬ್ಯಾಗ್ ಬಾಗಿಲಲ್ಲಿದೆ. ಈಗಷ್ಟೇ ಎದ್ದು ಎರಡು ರೂಮಿನಲ್ಲೂ ಒಂದು ಸುತ್ತು ಹಾಕಿ ಬಂದೆ. ನನ್ನ ಚಪ್ಪಲಿ ಸದ್ದು ಜೋರಾಗಿ ಕೇಳಿತು. ಇನ್ನು ಬಾಗಿಲು ಎಳೆದುಕೊಂಡು ಹೊರಡುತ್ತೇನೆ.

ಇಂತಿ,
ದುಂಡೇಶ

ಮರೆತ ಮಾತು: ಇದನ್ನು ಹೊರಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೀಗ ಹಾಕಿ ಆಯಿತು. ಗುವಾಹಟಿಗೆ ಯಾವ ಲೋಡೂ ಇಲ್ಲ. ಕೆಂಗೇರಿಯ ಗೋಡೌನಿನಲ್ಲಿ ಈರಪ್ಪಣ್ಣ ಮಲಗಲು ಜಾಗ ಕೊಡಿಸಿದ್ದಾನೆ. ಬೆಳಗ್ಗೆ ಲಿಸ್ಟು ಮುಗಿಸುವಾಗ, ನೀನು ಬರಬೇಕಾದರೆ ಇಲ್ಲಿಂದ ಇನ್ನೂ ಒಂದು ಹೋಗಬೇಕು ಅಂತ ಗೊತ್ತಾಯಿತು. ಅದನ್ನು ಹೋಗೋದು ಅನ್ನುವ ಕಡೆ ಕೊನೆಯ ಸಾಲಿನಲ್ಲಿ ಬರೆದಿದ್ದೇನೆ. ಅದು ಹೋಗೋದು ಬೇಡ ಅನಿಸಿದರೆ ಆ ಹೆಸರು ಹೊಡೆದು ಹಾಕಿ ಲಿಸ್ಟು ವಾಪಸ್ ಕಳಿಸು. ಬೆಲ್ ಒತ್ತುತ್ತೇನೆ, ಬರಿಗೈಯಲ್ಲಿ ಬರುತ್ತೇನೆ.