ಅಜ್ಜಿಯ ಗೇರು

ಅಣ್ಣಾ,

ಎದ್ದ ಕೂಡಲೇ ಇದನ್ನು ಓದು, ಹಲ್ಲು ಆಮೇಲೆ ಉಜ್ಜಿದರಾಯಿತು.

ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತರಲು ಹೊರಟಿದ್ದೇನೆ. ಇವತ್ತು ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಅಷ್ಟರಲ್ಲಿ ಪೇಂಟರ್ ಬಂದು ಅವಳ ಹಳೇ ಕಾರಿನ ಒಳಗೆ ಬಣ್ಣ ಹೊಡೆಯಲು ಶುರುಮಾಡುತ್ತಾರೆ. ಡ್ರೈವಿಂಗ್ ಕಲಿಯುವಾಗ ಅಜ್ಜಿ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡ, ಯಾವ ಗೇರು ಎತ್ತ ಹಾಕಬೇಕೆಂದು ತೋರಿಸುವ ಸ್ಟಿಕ್ಕರ್ ಇದೆಯಲ್ಲ, ಅದನ್ನು ತೋರಿಸಿ ನಿನ್ನೆ ಅವರು, "ಇದನ್ನ ಮುಚ್ಚಿಬಿಡ್ತೀನಿ ಬಿಡಮ್ಮ" ಎಂದರು. ನಾನು ತಲೆಯಾಡಿಸಿಬಿಟ್ಟೆ. ಕಾಗದದಿಂದ ಮುಚ್ಚುವುದೋ, ಬಣ್ಣದಿಂದಲೋ? ಕೇಳಲು ಬಾಯೇ ಬರಲಿಲ್ಲ.

"ಬಣ್ಣ ಯಾವ್ದಾದ್ರೂ ಬಳ್ಕೊಳ್ಳಿ, ನನ್ನ ಗೇರು ಮಾತ್ರ ಮುಟ್ಬೇಡಿ" ಎಂದು ಹೇಳಿಯೇ ಅಜ್ಜಿ ಆಪರೇಷನ್ನಿಗೆ ಹೋದದ್ದು.

ದಯವಿಟ್ಟು ನೀನೇ ಕೇಳು. ಸ್ಟಿಕ್ಕರ್ ಮೇಲೆ ಟೇಪ್ ಅಂಟಿಸಲು ಬಿಡಬೇಡ, ಕೀಳುವಾಗ ಅದೂ ಎದ್ದು ಬರುತ್ತದೆ. ಸ್ಟಿಕ್ಕರ್‌ಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕಾಗದ ಕತ್ತರಿಸಿ ಟಿವಿ ಪಕ್ಕ ಇಟ್ಟಿದ್ದೇನೆ. ಟೇಪ್ ಆ ಕಾಗದದ ಅಂಚಿಗೆ ಮಾತ್ರ. ನೀನು ಬೇರೆ ಕತ್ತರಿಸಲು ಹೋಗಬೇಡ, ನಿನ್ನ ಕೈಗುಣ ಗೊತ್ತು.

ಕೇಳಿದ ಮೇಲೆ "ಕಾಗದ" ಎಂದು ಮೆಸೇಜ್ ಹಾಕು. ಅವರು "ಬಣ್ಣ" ಎಂದರೆ ನನಗೆ ಫೋನ್ ಮಾಡಿ ಅವರ ಕೈಗೇ ಕೊಡು. ನಾನೇ ಮಾತಾಡುತ್ತೇನೆ. ನಗಬೇಡ, ನಿಜವಾಗಿಯೂ ಮಾತಾಡುತ್ತೇನೆ.