ಕೆಳಗಿನ ಕೊಟ್ಟಿಗೆಗೆ

ಮೇಲಿನ ಕೊಟ್ಟಿಗೆ
ಭಾನುವಾರ ಬೆಳಿಗ್ಗೆ

ಕೆಳಗಿನ ಕೊಟ್ಟಿಗೆ ಮಹಾರಾಣಿ ಅಕ್ಕನಿಗೆ,

ಚೆನ್ನಾಗಿದ್ದೀಯಾ ಅಂತ ಕೇಳಲ್ಲ. ಚೆನ್ನಾಗೇ ಇರ್ತೀಯ. ಈ ಚೀಟೀನ ಅಮ್ಮ ನಿನ್ನ ಬುತ್ತಿ ಜೊತೆ ಬೇಲಿ ಹತ್ರ ಇಡ್ತಾಳೆ. ಉತ್ತರ ಬರೀಬೇಡ. ಅಲ್ಲಿಂದ ಒಂದು ಕಡ್ಡೀನೂ ಮೇಲೆ ಬರಬಾರದು ಅಂತ ದನದ ಡಾಕ್ಟರು ಹೇಳಿದ್ದಾರಲ್ಲ. ಒಳ್ಳೇದೇ ಆಯ್ತು. ನಾನು ಬೈಯೋದು, ನೀನು ಬಾಯ್ಮುಚ್ಕೊಂಡು ಓದೋದು.

ಕಾಲುಬಾಯಿ ರೋಗ ಬಂದಿದ್ದು ನನ್ನ ಕೆಂಪಿಗೆ. ಅವಳನ್ನ ಸಾಕಿದ್ದು ನಾನು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಸಗಣಿ ಬಾಚಿದ್ದು ನಾನು. ನೀನು ಕಾಲೇಜು ರಜೆಗೆ ಅಂತ ಬಂದೆ, ಅಪ್ಪ ನಿನ್ನನ್ನೇ ಅವಳ ಜೊತೆ ಕೆಳಗೆ ಕಳಿಸಿದ್ರು. ದೊಡ್ಡವಳಿಗೆ ತಾಳ್ಮೆ ಇದೆ, ನಿನಗೆ ಮೂಗಿನ ತುದೀಲೇ ಕೋಪ ಅಂತ ನನಗೆ ಅಂದ್ರು. ಕೋಪ ಬರದೇ ಏನು ಮಾಡುತ್ತೆ? ಅವಳ ಕರೂನ ಮಾತ್ರ ನನ್ನ ಹತ್ರ ಬಿಟ್ಟಿದ್ದಾರೆ, ಪುಣ್ಯ.

ಬುತ್ತಿ ಇಟ್ಟು ಬಂದಾಗೆಲ್ಲ ಅಮ್ಮಂದು ನಿನ್ನದೇ ಪುರಾಣ. ಗೊರಸು ತೊಳೀತಾಳೆ, ನಾಲಿಗೆ ಹುಣ್ಣಿಗೆ ಔಷಧಿ ಹಚ್ತಾಳೆ, ಕೆಂಪಿ ಈಗ ಬೇರೆಯವರು ಕೊಟ್ರೆ ಮೂಸೀನೂ ನೋಡಲ್ಲವಂತೆ. ಅಜ್ಜ ಅಂತೂ, ದೊಡ್ಡವಳು ಬಂಗಾರ ಅಂತಾನೆ. ನಾನೇನು ತಗಡಾ? ಹೊಟ್ಟೆ ಉರೀತಿದೆ, ಹೌದು. ಉರೀಲಿ.

ಇನ್ನೊಂದು. ಗಂಜಿ ಅಷ್ಟು ಬಿಸಿ ಕೊಡಬೇಡ, ಬಾಯೆಲ್ಲ ಹುಣ್ಣು ಅವಳಿಗೆ. ಹೊಸ ಹಗ್ಗ ಬಲಗಡೆ ಕುತ್ತಿಗೆ ಉಜ್ತಿದೆ, ಬಟ್ಟೆ ಸುತ್ತು. ಓದಿದೋಳಿಗೆ ಇದೂ ಹೇಳ್ಕೊಡಬೇಕಾ?

ಹುಷಾರಾದ ಮೇಲೆ ಅವಳು ನನ್ನ ಬಿಟ್ಟು ನಿನ್ನ ಹಿಂದೆ ಹೊರಟ್ರೆ, ಅಕ್ಕ ಅಂತಾನೂ ನೋಡಲ್ಲ.

ಕೋಪದಲ್ಲೇ ಇರೋ
ನಿನ್ನ ತಂಗಿ

ತಾ.ಕ.: ಹಗ್ಗದ ವಿಷಯ ಇವಳಿಗೆ ಹೇಗೆ ಗೊತ್ತು ಅಂತೀಯ. ಬುಧವಾರ ನೀನು ನೀರಿಗೆ ಹೋದಾಗ ಬೇಲಿ ದಾಟಿ ಬಂದಿದ್ದೆ. ನನ್ನ ಕೈಯಿಂದಾನೂ ಗಂಜಿ ಕುಡಿದ್ಲು, ಗೊತ್ತಿರಲಿ. ಕೈಕಾಲೂ ತೊಳೀದೆ ಹಾಗೇ ಬಂದು ಕರುಗೆ ಹುಲ್ಲು ಹಾಕ್ದೆ. ಇವತ್ತು ಕರು ಬಾಯಲ್ಲಿ ಜೊಲ್ಲು ಸುರೀತಿದೆ ಅಕ್ಕ, ಕಾಲೂ ಊರ್ತಿಲ್ಲ. ಎತ್ಕೊಂಡು ನಾನೇ ಕೆಳಗೆ ಬರ್ತೀನಿ, ಜಾಗ ಮಾಡು. ಅಪ್ಪಂಗೆ ಇನ್ನೂ ಹೇಳಿಲ್ಲ. ಬೇಲಿ ಹತ್ರ ನಿಂತು ನೀನೇ ಕೂಗಿ ಹೇಳು. ನಿನ್ನ ಮಾತಾದ್ರೆ ಕೇಳ್ತಾರೆ.